ನವಮಿಯ ದಿನ ಸಮುದ್ರಕ್ಕೆ

ನನ್ನ ಹೆಂಡತಿಯ ವರ್ಷಾಂತಿಕ ಮುಗಿದ ಮೇಲೆ, ಅವಳ ಸಾಮಾನುಗಳನ್ನು ಯಾರಿಗೆ ಕೊಡಬೇಕು ಎಂದು ಎಲ್ಲರೂ ನನಗೆ ಹೇಳತೊಡಗಿದರು. ಸೀರೆಗಳ ಬಗ್ಗೆ, ಹೊಲಿಗೆ ಯಂತ್ರದ ಬಗ್ಗೆ, ತಾಮ್ರದ ಹಂಡೆಯ ಬಗ್ಗೆ ಬೇರೆ ಬೇರೆ ಅಭಿಪ್ರಾಯಗಳಿದ್ದವು. ಅಟ್ಟದ ಮೇಲಿದ್ದ ಎರಡು ಜೊತೆ ಕಾಲಿನ ಈಜುರೆಕ್ಕೆ, ಎರಡು ಕಪ್ಪು ರಬ್ಬರ್ ಅಂಗಿ, ಎರಡು ಮುಖದ ಮಾಸ್ಕುಗಳ ಬಗ್ಗೆ ಮಾತ್ರ ಯಾರೂ ಏನೂ ಹೇಳಲಿಲ್ಲ. ಬಳ್ಳಾರಿಯ ಪಾರ್ವತಿನಗರದಲ್ಲಿ ಅವು ಯಾರಿಗೂ ಬೇಕಾಗುವ ವಸ್ತುಗಳಲ್ಲ.

ನಾವಿಬ್ಬರೂ ಸ್ಕೂಬಾ ಡೈವಿಂಗ್ ಮಾಡುತ್ತಿದ್ದೆವು. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದೊಳಗೆ ಇಳಿಯುವುದು. ಹೀಗೆಂದು ಹೇಳಿದರೆ ಬಳ್ಳಾರಿಯಲ್ಲಿ ಜನ ಮೊದಲು ನನ್ನ ಹೊಟ್ಟೆಯನ್ನು ನೋಡುತ್ತಾರೆ, ಆಮೇಲೆ ನಂಬುವುದಿಲ್ಲ. ನಾನು ಕುರುಗೋಡಿನ ಒಂದು ಶಾಲೆಯಲ್ಲಿ ಗುಮಾಸ್ತ. ಅವಳು ಸಿರುಗುಪ್ಪದವಳು, ಹೊಳೆಯಲ್ಲಿ ಈಜು ಕಲಿತವಳು. ಒಮ್ಮೆ ಮುರ್ಡೇಶ್ವರಕ್ಕೆ ದರ್ಶನಕ್ಕೆ ಹೋದಾಗ ಬೋರ್ಡು ನೋಡಿ, "ಒಂದು ಸಲ ಇಳದು ನೋಡೋಣ್ರಿ" ಎಂದಳು. ನೋಡಿದೆವು. ಮುಂದಿನ ವರ್ಷ ಕ್ರಮವಾಗಿ ಕಲಿತು ಕಾರ್ಡು ತೆಗೆದುಕೊಂಡೆವು. ಆಮೇಲೆ ಪ್ರತಿ ವರ್ಷ ದೀಪಾವಳಿ ಕಳೆದ ಮೇಲೆ ಹೋಗುತ್ತಿದ್ದೆವು. ಅವಳಿಗೆ ಕಾಯಿಲೆ ಬಂದ ವರ್ಷ ಅದು ನಿಂತಿತು. ಕಾಯಿಲೆ ಕೆಲವು ವರ್ಷ ನಡೆಯಿತು.

ನೀರಿನೊಳಗೆ ಇಬ್ಬಿಬ್ಬರು ಜೋಡಿಯಾಗಿರಬೇಕು ಎಂಬುದು ನಿಯಮ. ಇಳಿಯುವ ಮೊದಲು ಒಬ್ಬರು ಇನ್ನೊಬ್ಬರ ಪಟ್ಟಿ ಬಿಗಿದಿದೆಯೇ, ಸಿಲಿಂಡರಿನ ಗಾಳಿ ತೆರೆದಿದೆಯೇ ಎಂದು ನೋಡಬೇಕು. ನನ್ನದನ್ನು ಅವಳು ನೋಡುತ್ತಿದ್ದಳು. ಅವಳದನ್ನೂ ಅವಳೇ ನೋಡಿಕೊಳ್ಳುತ್ತಿದ್ದಳು. ಮನೆಯಲ್ಲಿ ಗ್ಯಾಸ್ ಬಂದ್ ಆಗಿದೆಯೇ ಎಂದು ನೋಡುವವಳೂ ಅವಳೇ ಆದ್ದರಿಂದ ನನಗೆ ಇದರಲ್ಲಿ ವಿಶೇಷವೇನೂ ಕಂಡಿರಲಿಲ್ಲ.

ಮನೆಯಲ್ಲಿ ಅವಳಿಲ್ಲ ಎಂಬುದು ನನಗೆ ಒಂದು ವರ್ಷದಲ್ಲಿ ಅಭ್ಯಾಸವಾಗಿತ್ತು. ಸಮುದ್ರದಲ್ಲಿ ಅವಳಿಲ್ಲ ಎಂಬುದು ಇನ್ನೂ ಗೊತ್ತಾಗಿರಲಿಲ್ಲ. ಅವಳಿಲ್ಲದೆ ಒಮ್ಮೆ ಇಳಿದು ಸರಿಯಾಗಿ ಮೇಲೆ ಬರಲು ಆಗುತ್ತದೆಯೇ ಎಂದು ನೋಡಬೇಕು, ಆಗದಿದ್ದರೆ ಅಟ್ಟದ ಸಾಮಾನನ್ನೂ ಕೊಟ್ಟು ಆ ಕಡೆಗೆ ಮತ್ತೆ ಹೋಗಬಾರದು ಎಂದು ನಿಶ್ಚಯಿಸಿದೆ.

ಹಿಂದೆ ನಮಗೆ ಕಲಿಸಿದ್ದ ತರಬೇತುದಾರರಿಗೆ ಫೋನ್ ಮಾಡಿದೆ. ಅವರು ಮೊದಲು ಅವಳ ವಿಷಯ ಕೇಳಿ, ಆಮೇಲೆ ಕೆಲಸದ ಮಾತಾಡಿದರು. ಮೊದಲು ಡಾಕ್ಟರ ಸರ್ಟಿಫಿಕೇಟು. ಆಮೇಲೆ ಈಜುಕೊಳದಲ್ಲಿ ಹಳೆಯ ಪಾಠಗಳೆಲ್ಲ ಮತ್ತೊಮ್ಮೆ. ಆಮೇಲೆ ಸಮುದ್ರ, ಅದೂ ಆಳವಿಲ್ಲದ ಕಡೆ. "ಕಾರ್ಡ್ ಇದೆ ಅಂತ ಹಾಗೇ ಇಳಿಯುವುದಲ್ಲ. ಕಾರ್ಡಿಗೆ ನೆನಪಿರುತ್ತದೆ, ಮೈಗೆ ಇರುವುದಿಲ್ಲ" ಎಂದರು.

ಬಳ್ಳಾರಿಯ ಡಾಕ್ಟರು ಕಿವಿಯೊಳಗೆ ದೀಪ ಬಿಟ್ಟು ನೋಡಿದರು, ಎದೆಯ ಎಕ್ಸ್‌ರೇ, ಇಸಿಜಿ ಎಲ್ಲ ಮಾಡಿಸಿದರು.

"ಈ ವಯಸ್ಸಿನ್ಯಾಗ ಮಂದಿ ಹಲಕುಂದಿ ಮಠಕ್ಕ ಹೊಕ್ಕಾರ. ನೀವು ಸಮುದ್ರದ ತಳಕ್ಕ ಹೊಂಟೀರಿ."

"ಮಠಕ್ಕೂ ಹೋಗ್ತೀನ್ರಿ."

"ನಿದ್ದಿ ಹೆಂಗೈತಿ?"

"ಬರ್ತೈತ್ರಿ. ಬೆಳಕು ಹರದ ಮ್ಯಾಲ."

ಅವರು ನಗಲಿಲ್ಲ. ಬಿಪಿ ಹೆಚ್ಚಿತ್ತು. ಮಾತ್ರೆ ಬರೆದರು. "ದಿನಾ ಈಜ್ರಿ. ನಿದ್ದಿ ಸುದ್ದ ಆದ ಮ್ಯಾಲ ಬರ್ರಿ, ಅವಾಗ ಸೈನ್ ಮಾಡ್ತೀನಿ. ಈಗ ಮಾಡಂಗಿಲ್ಲ."

ಹಾಗಾಗಿ ನಾನು ಬೆಳಿಗ್ಗೆ ಈಜುಕೊಳಕ್ಕೆ ಹೋಗಿ, ಅಲ್ಲಿಂದ ಕುರುಗೋಡಿನ ಬಸ್ಸು ಹಿಡಿಯತೊಡಗಿದೆ. ಬಸ್ಸಿನಲ್ಲಿ ನಿದ್ದೆ ಬರತೊಡಗಿತು. ಕಂಡಕ್ಟರು ಕುರುಗೋಡಿನ ಗುಡ್ಡ ಕಂಡ ಕೂಡಲೇ ನನ್ನ ಭುಜ ಅಲ್ಲಾಡಿಸುತ್ತಿದ್ದ. ಕೆಲವು ತಿಂಗಳಿಗೆ ಆ ನಿದ್ದೆ ರಾತ್ರಿಗೂ ಬಂತು. ಡಾಕ್ಟರು ಸೈನ್ ಮಾಡಿದರು.

ರಬ್ಬರ್ ಅಂಗಿಯನ್ನು ಮನೆಯಲ್ಲಿ ಹಾಕಿ ನೋಡಿದೆ. ಜಿಪ್ಪು ಬೆನ್ನಿಗಿದೆ. ಅದನ್ನು ಯಾವಾಗಲೂ ಅವಳು ಎಳೆಯುತ್ತಿದ್ದಳು. ಒಬ್ಬನೇ ಎಳೆದುಕೊಳ್ಳಲೆಂದು ಅದಕ್ಕೆ ಉದ್ದನೆಯ ಪಟ್ಟಿ ಹೊಲಿದಿದ್ದಾರೆ ಎಂಬುದು ಆ ದಿನ ತಿಳಿಯಿತು. ಎಳೆದೆ. ಜಿಪ್ಪಿನ ಹಲ್ಲು ಕಿತ್ತು ಬಂತು. ಕೌಲ್ ಬಜಾರಿನ ಜಿಪ್ಪು ರಿಪೇರಿಯವನ ಹತ್ತಿರ ಒಯ್ದೆ.

"ಇದು ಏನ್ ಸಾಬ್, ಬೈಕ್ ರೇಸಿಂದಾ?"

"ಸಮುದ್ರದೊಳಗ ಹಾಕ್ಕೊಳ್ಳೋದು."

"ಜಿಪ್ಪು ಸಮುದ್ರದಾಗ ಹೋತಾ?"

"ಇಲ್ಲ, ಮನ್ಯಾಗ."

ಅವನು ಹೊರಗಿನ ಬಿಸಿಲನ್ನು ನೋಡಿದ, ನನ್ನನ್ನು ನೋಡಿದ, ಇನ್ನೇನೂ ಕೇಳದೆ ಹೊಸ ಜಿಪ್ಪು ಹಾಕಿಕೊಟ್ಟ.

ಇಷ್ಟೆಲ್ಲ ಸುಲಭವಾಗಿತ್ತು. ಉಳಿದದ್ದು ಅತ್ತೆ.

ನನ್ನ ಹೆಂಡತಿಯ ತಾಯಿ ಸಿರುಗುಪ್ಪದಲ್ಲಿ ಇದ್ದಾರೆ. ಮಗಳು ಹೋದ ಮೇಲೆ ನಾನು ಪ್ರತಿ ಶನಿವಾರ ಶಾಲೆ ಮುಗಿಸಿ ಅವರ ಮನೆಗೆ ಹೋಗಿ ಊಟ ಮಾಡಿ ಬರುತ್ತೇನೆ. ನಾವು ಹೆಚ್ಚು ಮಾತಾಡುವುದಿಲ್ಲ. ಅವರು ಬಡಿಸುತ್ತಾರೆ, ನಾನು ಸಾಕು ಎನ್ನುತ್ತೇನೆ, ಅವರು ಬಡಿಸುತ್ತಾರೆ. ಅವರಿಗೆ ಪಂಚಾಂಗ ಬಿಟ್ಟು ಯಾವ ಕೆಲಸವೂ ಇಲ್ಲ. ಹುಣ್ಣಿಮೆ, ಅಮಾವಾಸ್ಯೆಯಂಥ ಪರ್ವದಿನ ಬಿಟ್ಟು ಬೇರೆ ದಿನ ಸಮುದ್ರದ ನೀರು ಮೈಗೆ ತಾಗಬಾರದು ಎಂಬುದು ಅವರ ಮನೆಯ ಕಟ್ಟಳೆ. ಮಗಳಿಗೂ ಹೇಳಿದ್ದರು. ಮಗಳು, "ಅಮ್ಮಾ, ಮೈತುಂಬ ರಬ್ಬರ್ ಅಂಗಿ ಇರ್ತದ, ನೀರು ತಾಗೋದೇ ಇಲ್ಲ" ಎಂದು ಹೇಳಿ ಮುಗಿಸಿದ್ದಳು. ಅಷ್ಟೂ ವರ್ಷ ಅದೇ ಉತ್ತರದ ಮೇಲೆ ನಾವು ಹೋಗಿಬಂದೆವು.

ಈಗ ನಾನು ಮತ್ತೆ ಹೋಗುವ ವಿಷಯ ಹೇಳಿದಾಗ ಅವರು ನನ್ನನ್ನು ಕೇಳಿದರು.

"ಆ ಅಂಗಿ ಒಳಗ ನೀರು ಬರಂಗಿಲ್ಲೇನು?"

ನನಗೆ ಸುಳ್ಳು ಹೇಳುವ ಅಭ್ಯಾಸ ಕಡಿಮೆ. ಅದನ್ನೂ ಅವಳೇ ನೋಡಿಕೊಳ್ಳುತ್ತಿದ್ದಳು.

"ಬರ್ತದ ಅತ್ತಮ್ಮ."

"ಎಷ್ಟು?"

"ಪೂರ್ತಿ."

ಅವರು ಸಾರಿನ ಸೌಟನ್ನು ಪಾತ್ರೆಯಲ್ಲಿ ಬಿಟ್ಟು ಗೋಡೆಗೆ ಒರಗಿ ಕೂತರು. ಮಗಳ ಮೇಲೆ ಅವರಿಗೆ ಸಿಟ್ಟು ಬಂದಂತೆ ಕಂಡಿತು. ಸತ್ತವರ ಮೇಲೆ ಸಿಟ್ಟು ಮಾಡಿಕೊಂಡದ್ದನ್ನು ನೋಡಿ ನನಗೆ ಒಂದು ಬಗೆಯ ಸಮಾಧಾನವಾಯಿತು.

"ಹೋಗಬ್ಯಾಡ್ರಿ ಅಂದ್ರ ಬಿಡ್ತೀರೇನು?"

"ಬಿಡ್ತೀನಿ."

"ಹಂಗನಬ್ಯಾಡ್ರಿ. ಹಂಗಂದ್ರ ನಾ ಏನು ಮಾಡ್ಲಿ?" ಮತ್ತೆ ಸೌಟು ಹಿಡಿದು, "ಹುಣ್ಣಿಮಿಗೆ ಹೋಗ್ರಿ. ಪರ್ವಕಾಲ. ದೇವರು ಕಾಯ್ತಾನ. ನಿಮಗೂ ಏನಾರ ಆದ್ರ ಶನಿವಾರ ನಾ ಯಾರಿಗೆ ಬಡಸ್ಲಿ?" ಎಂದರು.

ನಾನು ತರಬೇತುದಾರರಿಗೆ ಹುಣ್ಣಿಮೆಯ ದಿನ ಬರುವುದಾಗಿ ತಿಳಿಸಿದೆ. ಅವರು "ಅದೇ ದಿನ ಆಗಬೇಕಾ?" ಎಂದು ಕೇಳಿದರು. "ಮನೆಯಲ್ಲಿ ಹೇಳಿದ್ದಾರೆ" ಎಂದೆ. ಅವರು ಮುಂದೆ ಕೇಳಲಿಲ್ಲ.

ಹಿಂದಿನ ದಿನ ಮುರ್ಡೇಶ್ವರದ ಈಜುಕೊಳದಲ್ಲಿ ಪಾಠಗಳಾದವು. ಮಾಸ್ಕಿನೊಳಗೆ ನೀರು ತುಂಬಿಸಿ ಮೂಗಿನಿಂದ ಗಾಳಿ ಬಿಟ್ಟು ಅದನ್ನು ಹೊರಗೆ ಹಾಕಿದೆ. ಬಾಯಿಯ ನಳಿಕೆ ತೆಗೆದು ಮತ್ತೆ ಹಾಕಿಕೊಂಡೆ. ಮೈಗೆ ಇದೆಲ್ಲ ನೆನಪಿತ್ತು. ಗಾಳಿ ಎಷ್ಟು ಉಳಿದಿದೆ ಎಂದು ತೋರಿಸುವ ಮುಳ್ಳನ್ನು ನೋಡಬೇಕು ಎಂಬುದು ಮಾತ್ರ ನೆನಪಿರಲಿಲ್ಲ. ನೆನಪು ಹೋಗಿರಲಿಲ್ಲ, ಅದು ಮೊದಲಿಂದಲೂ ಇರಲಿಲ್ಲ. ಯಾರಾದರೂ ಕೈಸನ್ನೆ ಮಾಡಿ ಕೇಳಲಿ ಎಂದು ನಾನು ಕಾಯುತ್ತಿದ್ದೆ.

"ಕೇಳುವವರೆಗೆ ಕಾಯಬಾರದು. ನೀವೇ ನೋಡಿ, ನೀವೇ ನನಗೆ ತೋರಿಸಿ" ಎಂದರು ತರಬೇತುದಾರರು. ಸಂಜೆಯವರೆಗೆ ಅದನ್ನೇ ಮಾಡಿಸಿದರು.

ಹುಣ್ಣಿಮೆಯ ಬೆಳಿಗ್ಗೆ ದೋಣಿ ನಡುಗಡ್ಡೆಯ ಹತ್ತಿರ ನಿಂತಿತು. ಲಂಗರಿನ ಹಗ್ಗ ಬಿಗಿಯಾಗಿ ಓರೆಯಾಗಿತ್ತು. ತರಬೇತುದಾರರು ನೀರನ್ನು ಬಹಳ ಹೊತ್ತು ನೋಡಿದರು. "ಹಗ್ಗ ಹಿಡಿದೇ ಇಳಿಯುವಾ. ಸಾಕು ಅನಿಸಿದ ಕೂಡಲೇ ಹೆಬ್ಬೆರಳು ಮೇಲೆ ಮಾಡಿ. ಕಾರಣ ಹೇಳಬೇಕಾಗಿಲ್ಲ."

ಇಳಿದೆವು. ನೀರು ಕಲಕಿತ್ತು. ಎರಡಾಳು ಆಳದಲ್ಲೇ ನಾವಿಬ್ಬರೂ ಹಗ್ಗಕ್ಕೆ ಒಣಹಾಕಿದ ಲುಂಗಿಗಳ ಹಾಗೆ ಅಡ್ಡಡ್ಡ ಹಾರುತ್ತಿದ್ದೆವು. ನನ್ನ ಉಸಿರು ಜೋರಾಯಿತು. ಎಡಕ್ಕೆ ನೋಡಿದೆ. ಅವಳು ಯಾವಾಗಲೂ ಎಡಕ್ಕೆ ಇರುತ್ತಿದ್ದಳು. ಅಲ್ಲಿ ಹಸಿರು ಬಣ್ಣದ ನೀರು ಇತ್ತು, ಇನ್ನೇನೂ ಇರಲಿಲ್ಲ. ಸಮುದ್ರದಲ್ಲಿ ಅವಳಿಲ್ಲ ಎಂಬುದು ನನಗೆ ಆಗ ಗೊತ್ತಾಯಿತು. ಮುಳ್ಳು ನೋಡಿದೆ. ಇಳಿದ ಹೊತ್ತಿಗೆ ಲೆಕ್ಕ ಹಾಕಿದರೆ ಗಾಳಿ ಬಹಳ ಬೇಗ ಖರ್ಚಾಗಿತ್ತು. ಅದನ್ನು ಅವರಿಗೆ ತೋರಿಸಿ, ಹೆಬ್ಬೆರಳು ಮೇಲೆ ಮಾಡಿದೆ. ಅವರು ತಲೆಯಾಡಿಸಿದರು. ನಿಧಾನಕ್ಕೆ, ಉಸಿರು ಬಿಡುತ್ತ, ಹಗ್ಗ ಹಿಡಿದು ಮೇಲೆ ಬಂದೆವು.

ದೋಣಿಯಲ್ಲಿ ಯಾರೂ ಯಾಕೆಂದು ಕೇಳಲಿಲ್ಲ. ಚಹಾ ಕೊಟ್ಟರು. ಆಮೇಲೆ ತರಬೇತುದಾರರು ಬೇರೊಂದು ಪ್ರಶ್ನೆ ಕೇಳಿದರು.

"ಈ ದಿನ ಆರಿಸಿದ್ದು ಯಾರು?"

"ನಮ್ಮ ಅತ್ತೆ."

"ಅವರು ಡೈವ್ ಮಾಡ್ತಾರಾ?"

"ಇಲ್ಲ."

ಅವರು ವಿವರಿಸಿದರು. ಹುಣ್ಣಿಮೆ, ಅಮಾವಾಸ್ಯೆಗೆ ಸಮುದ್ರ ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ, ಒಳಗೆ ಎಳೆತ ಜೋರು. ಅಷ್ಟಮಿ, ನವಮಿಯ ಹೊತ್ತಿಗೆ ನೀರು ಶಾಂತ. ಬಿಟ್ಟು ಬಹಳ ವರ್ಷವಾದವರು ಆಗ ಬರಬೇಕು. ನಾನು ಸರಿ ಎಂದೆ. ನಮ್ಮಲ್ಲಿ ಅಷ್ಟಮಿ, ನವಮಿಯಂದು ಯಾರೂ ಹೊಸ ಸೋಪಿನ ಕಾಗದ ಕೂಡ ಬಿಚ್ಚುವುದಿಲ್ಲ ಎಂದು ಹೇಳಲಿಲ್ಲ.

ಶನಿವಾರ ಅತ್ತೆಗೆ ಎಲ್ಲವನ್ನೂ ಹೇಳಿದೆ. ಹುಣ್ಣಿಮೆಯಿಂದಲೇ ತೊಂದರೆಯಾಯಿತು ಎಂದು ಹೇಳುವಾಗ ಅವರ ಮುಖ ನೋಡದೆ ಅನ್ನವನ್ನು ನೋಡಿದೆ.

"ಆಕಿ ಹೋಗ್ತಿದ್ದದ್ದು ಯಾವ ತಿಥಿಗೆ?"

"ರಜಾ ಇದ್ದ ದಿನ, ಅತ್ತಮ್ಮ. ತಿಥಿ ನೋಡ್ತಿರಲಿಲ್ಲ."

"ಎಂಥೆಂಥಾ ದಿನ ಇಳದಾಳೋ ಏನೋ. ಒಂದ್ಸಲಾನೂ ಏನೂ ಆಗ್ಲಿಲ್ಲ." ಮಜ್ಜಿಗೆ ಬಡಿಸಿದರು. "ಆಗಿದ್ದು ಮನ್ಯಾಗ, ಮಂಚದ ಮ್ಯಾಲ. ಏಕಾದಶಿ ದಿನ. ಎಷ್ಟು ಛಲೋ ದಿನ ಅಂತ ಬಂದವರೆಲ್ಲ ಅಂದ್ರು."

ನಾನು ಮಜ್ಜಿಗೆ ಕುಡಿದೆ.

ಅವರು ಕನ್ನಡಕ ಹಾಕಿಕೊಂಡು ಪಂಚಾಂಗ ತೆಗೆದರು. ಬೆರಳು ಹುಣ್ಣಿಮೆಯನ್ನು ದಾಟಿ, ಅಮಾವಾಸ್ಯೆಯನ್ನೂ ದಾಟಿ ಹೋಯಿತು. "ನವಮಿಗೆ ನೀರು ಸಮಾಧಾನ ಇರ್ತದಂತ ಆ ಮನಶ್ಯಾ ಖರೇನ ಅಂದನೇನು?"

"ಅಂದ್ರು."

"ಅಷ್ಟಮಿ ದಿನ ಊರು ಬಿಡಬೇಕಾಗ್ತದ. ಅದಾಗಂಗಿಲ್ಲ. ಸಪ್ತಮಿ ದಿನ ಪ್ರಸ್ಥಾನ ಇಡ್ರಿ."

ಕೆಟ್ಟ ದಿನ ಹೊರಡಲೇಬೇಕಾದರೆ, ಅದಕ್ಕೆ ಮೊದಲಿನ ಒಳ್ಳೆಯ ದಿನ ನಮ್ಮ ಗಂಟು ಒಂದನ್ನು ಬೇರೆಯವರ ಮನೆಯಲ್ಲಿ ಇಟ್ಟು ಬರುವ ಪದ್ಧತಿಯೊಂದಿದೆ. ಗಂಟು ಹೊರಟಿತೆಂದರೆ ನಾವೂ ಹೊರಟಂತೆ. ಅದಕ್ಕೆ ಪ್ರಸ್ಥಾನ ಎನ್ನುತ್ತಾರೆ.

"ಮತ್ತ ನವಮಿ ದಿನ ಸಮುದ್ರ ಮುಟ್ಟೋದು?" ಎಂದೆ.

"ದೋಷ ಇದ್ರ ನನಗಿರ್ಲಿ" ಎಂದರು. "ನೀವು ಮ್ಯಾಲ ಬರ್ರಿ."

ಸಪ್ತಮಿಯ ಬೆಳಿಗ್ಗೆ ಈಜುರೆಕ್ಕೆಗಳ ಚೀಲವನ್ನು ಪಾರ್ವತಿನಗರದ ಪಕ್ಕದ ಮನೆಗೆ ಒಯ್ದೆ. ಆ ಮನೆಯಾಕೆ ಚೀಲದಿಂದ ಹೊರಬಂದಿದ್ದ ರಬ್ಬರ್ ತುದಿಗಳನ್ನು ನೋಡಿ, ಕಾಶಿಗೆ ಹೊರಟವರ ಗಂಟು ಇದ್ದರೆ ಹೇಗೋ ಹಾಗೆ, ದೇವರ ಮನೆಯ ಬಾಗಿಲ ಪಕ್ಕದಲ್ಲಿ ಮಣೆ ಹಾಕಿ ಇಟ್ಟರು. ಅಷ್ಟಮಿಯಂದು ಅದನ್ನು ತೆಗೆದುಕೊಂಡು ಬಸ್ಸು ಹತ್ತಿದೆ.

ನವಮಿಯಂದು ಹಗ್ಗ ಸಡಿಲವಾಗಿ ನೆಟ್ಟಗೆ ಕೆಳಗಿಳಿದಿತ್ತು. ನಾನು ತರಬೇತುದಾರರ ಪಟ್ಟಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿದೆ, ಅವರು ನನ್ನವನ್ನು ನೋಡಿದರು. ಇಳಿದೆವು. ಕಿವಿ ಕಟ್ಟಿದಾಗ ನಿಂತು, ಮೂಗು ಹಿಡಿದು ಬಿಡಿಸಿಕೊಂಡು, ಮತ್ತೆ ಇಳಿದೆ. ಆಳವಿಲ್ಲದ ಬಂಡೆಗಳ ಮೇಲೆ ಹಳದಿ ಗೆರೆಯ ಮೀನುಗಳ ಒಂದು ಗುಂಪು ಮದುವೆ ಊಟಕ್ಕೆ ಕಾಯುವವರ ಹಾಗೆ ಒಂದೇ ಕಡೆ ಮುಖ ಮಾಡಿ ನಿಂತಿತ್ತು. ಎಡಕ್ಕೆ ನೋಡಿದೆ. ಅಲ್ಲಿಯೂ ಮೀನುಗಳಿದ್ದವು. ಅಳು ಬಂತು. ಮಾಸ್ಕಿನಲ್ಲಿ ಸ್ವಲ್ಪ ನೀರು ಸೇರಿತು, ಕಲಿಸಿದಂತೆ ಮೂಗಿನಿಂದ ಗಾಳಿ ಬಿಟ್ಟು ಹೊರಗೆ ಹಾಕಿದೆ. ಮುಳ್ಳು ನೋಡಿದೆ, ತೋರಿಸಿದೆ, ಹೊತ್ತಾದಾಗ ನಾನೇ ಮೊದಲು ಹೆಬ್ಬೆರಳು ಎತ್ತಿದೆ. ಮೇಲಕ್ಕೆ ಬರುವ ದಾರಿಯಲ್ಲಿ ನಿಲ್ಲಬೇಕಾದ ಕಡೆ ನಿಂತು, ಕಾಯಬೇಕಾದಷ್ಟು ಕಾದು, ಬಿಸಿಲಿಗೆ ಬಂದೆ.

ದಡಕ್ಕೆ ಬಂದು ಸಿರುಗುಪ್ಪಕ್ಕೆ ಫೋನ್ ಮಾಡಿದೆ. ಮೊದಲ ರಿಂಗಿಗೇ ಎತ್ತಿದರು.

"ಬಂದ್ರೇನು ಮ್ಯಾಲ?"

"ಬಂದೆ ಅತ್ತಮ್ಮ."

ಆ ಕಡೆ ಮೂಗು ಒರೆಸಿಕೊಂಡ ಸದ್ದು ಕೇಳಿಸಿತು.

"ಹಂಗಾರ ಈಗ ಬಸ್ಸು ಹತ್ತತೀರೇನು?"

"ಇಲ್ಲ. ನಾಳೆ ಹೊರಡ್ತೀನಿ. ನೀರಿಂದ ಎದ್ದವರು ಅದೇ ದಿನ ಘಟ್ಟ ಹತ್ತಬಾರದಂತ. ಒಳಗ ಉಸಿರಾಡಿದ ಗಾಳಿ ಮೈಯಿಂದ ಪೂರ್ತಿ ಹೋಗಬೇಕಂತ."

"ಇದ್ಯಾವ ಶಾಸ್ತ್ರ?"

"ಅವರ ಶಾಸ್ತ್ರ, ಅತ್ತಮ್ಮ."

ಅವರು ಯೋಚಿಸಿದರು.

"ಪಾಲಿಸ್ರಿ ಮತ್ತ" ಎಂದರು.