ಬಸಲಿಂಗಯ್ಯ ಬಾಯಿಬಿಟ್ಟು ಹೇಳಿದ ಕಾಯಿಲೆ

ಮುಂಡಗೋಡದಿಂದ ಹುಬ್ಬಳ್ಳಿಗೆ ಬಸ್ ಓಡಿಸುವ ಬಸಲಿಂಗಯ್ಯ ಎರಡು ವರ್ಷ ಡ್ಯೂಟಿಯ ಮೇಲೆ ನೀರನ್ನೇ ಕುಡಿಯುತ್ತಿರಲಿಲ್ಲ. ಕುಡಿದರೆ ಮೂತ್ರಕ್ಕೆ ಹೋಗಬೇಕು. ಹೋದರೆ ಜೀವ ಹಿಂಡುವಂಥ ಉರಿ. ಶಿಶ್ನದ ತುದಿಯ ಚರ್ಮ ಬೆಳ್ಳಗಾಗಿ, ಬಿಗಿದು, ಅಲ್ಲಲ್ಲಿ ಸೀಳುತ್ತಿತ್ತು. ಗಜಕರ್ಣವೆಂದು ಸುಳ್ಳು ಹೇಳಿ ಔಷಧದಂಗಡಿಯಿಂದ ತಂದ ಮುಲಾಮು ಏನೂ ಮಾಡಲಿಲ್ಲ. ಐವತ್ತು ದಾಟಿದ ಗಂಡಸು ಇದನ್ನು ಯಾರ ಮುಂದೆ ಹೇಳಬೇಕು? ಹೆಂಡತಿಯಿಂದಲೂ ದೂರ ಮಲಗತೊಡಗಿದ.

ಒಂದು ಬೆಳಗ್ಗೆ ಹೆಂಡತಿ ಸುನಂದಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು: "ನನ್ನಿಂದ ಏನರ ತಪ್ಪಾಗೈತೇನ್ರಿ?"

ಇದಕ್ಕೆ ಸುಳ್ಳು ಹೇಳಲು ಅವನಿಗೆ ಬಾಯಿ ಬರಲಿಲ್ಲ. ಎಲ್ಲ ಹೇಳಿದ.

"ಇಷ್ಟ ದಿನ ಒಬ್ಬರ ಹೆಂಗ ತಡಕೊಂಡ್ರಿ? ನಾಳೆ ರಜಾ ಹಾಕ್ರಿ, ಹುಬ್ಬಳ್ಳಿಗೆ ಹೋಗೂಣು," ಎಂದಳು.

ಚರ್ಮದ ಡಾಕ್ಟರು ಅನ್ನಪೂರ್ಣಾ ಎಂಬ ಹೆಣ್ಣುಮಗಳು. ಎದ್ದು ಹೋಗಬೇಕೆನಿಸಿದರೂ ಬಸಲಿಂಗಯ್ಯ ಕೂತ. ಚೂರು ಚರ್ಮ ತೆಗೆದು ಪರೀಕ್ಷೆಗೆ ಕಳಿಸಿದ ಆಕೆ, ವರದಿ ಬಂದ ಮೇಲೆ ಹೇಳಿದರು: "ಇದಕ್ಕ ಲೈಕನ್ ಸ್ಕ್ಲೆರೋಸಸ್ ಅಂತಾರ್ರಿ. ಅಂಟುರೋಗ ಅಲ್ಲ, ಯಾರ ತಪ್ಪೂ ಅಲ್ಲ."

ಮೂರು ತಿಂಗಳ ಮುಲಾಮಿನಿಂದ ಅರೆಬರೆ ಗುಣವಾಯಿತು. ಬಳಿಕ ಡಾಕ್ಟರು ಬೆಳಕಿನ ಚಿಕಿತ್ಸೆಯ ಮಾತೆತ್ತಿದರು. ಪೂರ್ತಿ ವಾಸಿಯಾಗುತ್ತದೆಂದು ಮಾತು ಕೊಡಲಿಲ್ಲ, ಉರಿಯುತ್ತದೆಂಬುದನ್ನೂ ಮುಚ್ಚಿಡಲಿಲ್ಲ.

ಬೆಳಕು ಬಿದ್ದಾಗ ಕೆಲಸ ಮಾಡುವ ಕ್ರೀಮು ಹಚ್ಚಿ, ಅದು ಚರ್ಮಕ್ಕಿಳಿಯುವವರೆಗೆ ಬೆಳಕು ತಾಗದಂತೆ ಸುತ್ತಿ, ಮೂರು ತಾಸು ಕೂರಿಸಿದರು. ಆಮೇಲೆ ಅದರ ಮೇಲೆ ಕೆಂಪು ದೀಪ ಹಿಡಿದರು. ಹಸಿಮೆಣಸಿನಕಾಯಿ ಅರೆದು ಮೆತ್ತಿದಂತಾಯಿತು. ನರ್ಸ್ ತಣ್ಣೀರು ಚಿಮುಕಿಸುತ್ತ, "ನಿಲ್ಲಿಸ್ಲೇನ್ರಿ?" ಎಂದಳು.

"ಏರಿನ್ಯಾಗ ಗಾಡಿ ನಿಲ್ಲಿಸಬಾರದ್ರಿ ಸಿಸ್ಟರ್. ನಡೀಲಿ."

ಹದಿನೈದು ದಿನಕ್ಕೊಮ್ಮೆ, ನಾಲ್ಕು ಸಲ ಅದನ್ನು ತಡೆದುಕೊಂಡ. ಸೀಳುಗಳು ಮಾಯ್ದವು, ಚರ್ಮ ಮೆತ್ತಗಾಯಿತು. ಬಿಳುಪು ಸ್ವಲ್ಪ ಉಳಿಯಿತು. ತಪಾಸಣೆಗೆ ಈಗಲೂ ತಪ್ಪದೆ ಹೋಗುತ್ತಾನೆ.

ಇಷ್ಟಕ್ಕೇ ಸುಮ್ಮನಿದ್ದರೂ ಯಾರೂ ತಪ್ಪೆನ್ನುತ್ತಿರಲಿಲ್ಲ. ಆದರೆ ಡಿಪೋದ ಮೆಕ್ಯಾನಿಕ್ ದ್ಯಾಮಪ್ಪ ಮೂತ್ರಕ್ಕೆ ಹೋದರೆ ಬಹಳ ಹೊತ್ತು ಹೊರಗೆ ಬರುತ್ತಿರಲಿಲ್ಲ. ಒಂದು ಮಧ್ಯಾಹ್ನ ಚಹಾ ಕುಡಿಯುತ್ತ ಎಲ್ಲರೂ ಅದನ್ನೇ ಎತ್ತಿ ನಕ್ಕರು. ಬಸಲಿಂಗಯ್ಯ ಕಪ್ಪು ಕೆಳಗಿಟ್ಟ.

"ನಗಬ್ಯಾಡ್ರಿ. ನನಗೂ ಹಂಗ ಆಗಿತ್ತು," ಎಂದು ಎಲ್ಲಿ ಏನಾಗಿತ್ತು, ಏನು ಮಾಡಿಸಿಕೊಂಡೆ ಎಂಬುದನ್ನೆಲ್ಲ ಅಷ್ಟು ಜನರ ಮುಂದೆ ಹೇಳಿದ. ಕಿವಿ ಬಿಸಿಯಾದರೂ ಮಾತು ತಡವರಿಸಲಿಲ್ಲ. ನಗು ನಿಂತಿತು.

ಬಸ್ ಹೊರಡುವ ಹೊತ್ತಿಗೆ ದ್ಯಾಮಪ್ಪ ಕೈ ಒರೆಸಿಕೊಳ್ಳುತ್ತ ಡ್ರೈವರನ ಬಾಗಿಲ ಬಳಿ ಬಂದು ನಿಂತ. "ಆ ಡಾಕ್ಟರ ಹೆಸರ ಏನಂದ್ರಿ, ಅಯ್ಯಾರ?"

"ಹೆಸರ ತಗೊಂಡ ಏನ ಮಾಡ್ತಿ? ಸೋಮವಾರ ನನಗ ರಜಾ ಐತಿ. ನಾನ ಕರಕೊಂಡ ಹೋಗ್ತೇನಿ."