ಐಸ್ ಕೋಣೆಯಲ್ಲಿ ಹನ್ನೊಂದು ನಿಮಿಷ

೨೦೨೪ರ ಏಪ್ರಿಲ್ ೧೮, ಗುರುವಾರ. ಕಡುಬೇಸಿಗೆ, ಇಳಕಲ್ಲಿನಲ್ಲಿ ನಲವತ್ತೊಂದು ಡಿಗ್ರಿ ಬಿಸಿಲು. ನಾನು ಕೆಲಸಕ್ಕಿರುವ ಅಂಗಡಿಯ ಪ್ರವಾಸ ಏಜೆಂಟ್ ಯಾಕೂಬಸಾಬರು ಅಲಾಸ್ಕಾದ ಹಡಗುಯಾನಕ್ಕೆ ಹೊರಟ ಯಾವ ಕುಟುಂಬಕ್ಕೂ, ಐಸ್ ಫ್ಯಾಕ್ಟರಿಯ ಕೋಣೆಯಲ್ಲಿ ಹತ್ತು ನಿಮಿಷ ನಿಲ್ಲಿಸದೆ ಟಿಕೆಟ್ ಕೊಡುವವರಲ್ಲ. ಒಂದು ದಪ್ಪ ಕೋಟಿಗಿಂತ ಮೂರು ತೆಳು ಪದರ ಮೇಲು, ಹೊಟ್ಟೆ ತೊಳಸುವವರಿಗೆ ಹಡಗಿನ ನಡುಭಾಗದ ಕೆಳ ಅಂತಸ್ತು, ಔಷಧಿ ಸದಾ ಕೈಚೀಲದಲ್ಲಿ ಎಂಬುದನ್ನೆಲ್ಲ ಅವರ ಬಾಯಿಂದ ಮಗ್ಗಿಯಂತೆ ಹೇಳಿಸುತ್ತಾರೆ. ಅಂದು ಗ್ರಾನೈಟ್ ವ್ಯಾಪಾರಿ ಕಾಶಪ್ಪ, "ಅವ್ವಗ ಎಪ್ಪತ್ನಾಲ್ಕು ಆಗ್ಯಾವ್ರಿ, ಥಂಡಿ ತಡಿಯಂಗಿಲ್ಲ. ಆಕಿನ್ನ ಬಿಟ್ಟ ಹೋಗ್ತೇವಿ" ಎಂದರು. "ಅದನ್ನ ನೀವ್ಯಾಕ ಹೇಳ್ತೀರಿ? ಐಸ್ ಹೇಳ್ಲಿ" ಎಂದ ಯಾಕೂಬಸಾಬರು, ಸೀರೆಯ ಮೇಲೆ ಮೂರು ಪದರ ತೊಟ್ಟ ಆ ತಾಯಿ ಗುರುಲಿಂಗವ್ವನನ್ನೂ ಮಗನನ್ನೂ ಒಳಗೆ ಕರೆದೊಯ್ದರು. ತಾವು ಮಾತ್ರ ಬರಿಯ ಅಂಗಿಯಲ್ಲಿದ್ದರು. ಒಳಗಿರುವ ಕುಟುಂಬದ ಹಿರಿಯರು ಸಾಕೆನ್ನುವ ಮೊದಲು ಅವರು ಹೊರಬಂದದ್ದನ್ನು ನಾನು ಒಮ್ಮೆಯೂ ಕಂಡಿಲ್ಲ. ಆರನೆಯ ನಿಮಿಷಕ್ಕೆ ಕಾಶಪ್ಪ ಹೊರಗೋಡಿದರು. ಹನ್ನೊಂದನೆಯದಕ್ಕೆ ಅಜ್ಜಿ, "ನಡಿಯೋ ಯಾಕೂಬಾ, ನನಗಲ್ಲ, ನಿನಗ ಸಾಕಾಗೇತಿ. ತುಟಿ ನೀಲಿ ಆಗ್ಯಾವು ನೋಡು" ಎಂದು ಅವರ ಕೈಹಿಡಿದು ಹೊರಗೆ ಕರೆತಂದರು. ಯಾಕೂಬಸಾಬರು ಎರಡು ದಿನ ಜ್ವರದಿಂದ ಅಂಗಡಿ ತೆರೆಯಲಿಲ್ಲ. ಜೂನ್ ೧೨, ಬುಧವಾರ, ಗುರುಲಿಂಗವ್ವ ಮಗನೊಡನೆ ಹಡಗು ಹತ್ತಿದರು.