ಹೆಸರಿನ ಜಾಗದಲ್ಲಿ ಹೆಸರಷ್ಟೇ

ಶನಿವಾರ ಬೆಳಿಗ್ಗೆ ಕೊಟ್ಟೂರಿನಿಂದ ಹರಪನಹಳ್ಳಿಗೆ ಬರುವ ಬಸ್ಸಿನಲ್ಲಿ, ಕಿಟಕಿಯ ಸರಳಿಗೆ ತಲೆಯಾನಿಸಿ ಅರೆನಿದ್ದೆಯಲ್ಲಿದ್ದ ಕ್ರಾಂತಿಗೆ ಫೋನು ಬಂತು.

"ಮೇಡಂ, ಕುರಿ ಎಲ್ಲಾ ಸತ್ತಾವ್ರಿ," ಎಂದ ಕಚೇರಿಯ ಕೌಂಟರಿನ ಕನಕರಾಜ.

"ಅಡವ್ಯಾಗೋ, ಕಂಪ್ಯೂಟರ್‌ನ್ಯಾಗೋ?"

"ಕಂಪ್ಯೂಟರ್‌ನ್ಯಾಗ್ರಿ."

"ಹಂಗಾರ ಏನೂ ಮುಟ್ಟಬ್ಯಾಡ್ರಿ. ಯಾರನ್ನೂ ಮುಟ್ಟಾಕ ಬಿಡಬ್ಯಾಡ್ರಿ. ಬಂದೆ."

ಫೋನನ್ನು ಚೀಲದೊಳಗೆ ಹಾಕಿ ಮತ್ತೆ ಕಣ್ಣು ಮುಚ್ಚಿದಳು. ಹೋದ ನಿದ್ದೆ ಬರಲಿಲ್ಲ. ಹೊರಗೆ ಮೆಕ್ಕೆಜೋಳದ ಹೊಲಗಳು ಹಿಂದಕ್ಕೆ ಓಡುತ್ತಿದ್ದವು.

ಕುರಿಗಾರರ ಸಂಘದ ಮುಖ್ಯ ಕಚೇರಿ ಹರಪನಹಳ್ಳಿಯಲ್ಲಿ. ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿಗಳಲ್ಲಿ ಶಾಖೆಗಳು. ಎಲ್ಲ ಕಡೆಯ ಕಂಪ್ಯೂಟರುಗಳಿಗೂ ಕ್ರಾಂತಿ ಒಬ್ಬಳೇ. ಬಾಗಳಿಯಲ್ಲಿ ಹುಟ್ಟಿದವಳು. ಅಪ್ಪ ಗಂಗಪ್ಪ ಮೆರವಣಿಗೆಗಳಲ್ಲಿ ಘೋಷಣೆ ಕೂಗುತ್ತಿದ್ದ ಕಾಲದಲ್ಲಿ ಇಟ್ಟ ಹೆಸರು ಅದು. ಅದಕ್ಕೆ ತಕ್ಕ ಆವೇಶ ತನ್ನಲ್ಲಿ ಉಳಿದಿಲ್ಲವೆಂದು ಬಸ್ಸಿನಲ್ಲಿ ಕೂತಾಗಲೆಲ್ಲ ಅವಳಿಗೆ ಅನ್ನಿಸುತ್ತಿತ್ತು. ಬಿಸಿಎ ಓದಿ, ದಾವಣಗೆರೆಯಲ್ಲಿ ಅಂಗಡಿಗಳಿಗೆ ಬಿಲ್ಲಿನ ಸಾಫ್ಟ್‌ವೇರ್ ಬರೆದು, ಊರಿಗೆ ಹತ್ತಿರವಾಗುತ್ತದೆಂದು ಈ ಗುತ್ತಿಗೆ ಕೆಲಸಕ್ಕೆ ಸೇರಿದ್ದಳು. ವರ್ಷಕ್ಕೊಮ್ಮೆ ಕಾರ್ಯದರ್ಶಿ ಗುರುಬಸವರಾಜರು ಸಹಿ ಹಾಕಿದರೆ ಕೆಲಸ ಮುಂದುವರಿಯುತ್ತದೆ. ಈ ವರ್ಷದ ಸಹಿ ಇನ್ನೂ ಆಗಿರಲಿಲ್ಲ.

ಕಚೇರಿಗೆ ಬಂದಾಗ ಕೌಂಟರಿನ ಎದುರು ಬಾಗಿಲಿಗೆ ಒರಗಿ ಒಬ್ಬ ಮುದುಕಿ ಕೂತಿದ್ದಳು. ಕನಕರಾಜ ಕೈಗಳನ್ನು ಕೀಬೋರ್ಡಿನಿಂದ ದೂರ, ಎದೆಯ ಮೇಲೆ ಕಟ್ಟಿಕೊಂಡು ನಿಂತಿದ್ದ. ಐವತ್ತು ದಾಟಿದ ಗಂಡಸು, ಬೈಸಿಕೊಳ್ಳಲು ಸಿದ್ಧನಾದ ಮುಖ.

"ಒಂದು ಕುರಿ ಸತ್ತೈತಿ ಅಂತ ಬರಸಾಕ ಬಂದ್ನಿ ಯವ್ವಾ," ಎಂದಳು ಮುದುಕಿ. "ಈ ಪುಣ್ಯಾತ್ಮ ಹಿಂಡನ್ನೆಲ್ಲಾ ಕೊಂದು ನಿಂತಾನ. ನಂದಷ್ಟ ಅಲ್ಲಂತ, ಇಡೀ ಸೀಮಿದು."

"ಏನ್ ಮಾಡಿದ್ರಿ ಕನಕರಾಜಣ್ಣ?"

"ದಿನಾ ಮಾಡೋದನ್ನ ಮಾಡಿದ್ನ್ರಿ. ಮಂತ್ರ ಹಾಕಿದೆ."

ಮಂತ್ರವನ್ನು ಕಲಿಸಿಕೊಟ್ಟವನು ಹಿಂದೆ ಕೌಂಟರಿನ ಸಾಫ್ಟ್‌ವೇರ್ ಬರೆದ ನಾಗಪ್ಪ. ಸಂಘದ ದಾಖಲೆಯಲ್ಲಿ ಹಿಂಡುಗಳೆಲ್ಲ ಗಂಡಸರ ಹೆಸರಿನಲ್ಲಿದ್ದವು. ಗಂಡಸರು ಹಿಂಡಿನ ಜೊತೆ ಅಡವಿಯಲ್ಲಿ. ಜಂತಿನ ಔಷಧಿಗೆ, ಲಸಿಕೆಯ ಚೀಟಿಗೆ ಕೌಂಟರಿಗೆ ಬರುವವರು ಹೆಂಗಸರು. ಹೆಸರೇನು ಎಂದು ಕೇಳಿದರೆ ಸೆರಗು ಬಾಯಿಗೆ ಒತ್ತಿಕೊಳ್ಳುತ್ತಿದ್ದರು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದುಂಟೆ? ಅದಕ್ಕೆ ನಾಗಪ್ಪ ಒಂದು ಉಪಾಯ ಹೇಳಿಕೊಟ್ಟಿದ್ದ. ಹೆಸರಿನ ಜಾಗದಲ್ಲಿ ಒಂದು ಉದ್ಧರಣ ಚಿಹ್ನೆ ಹಾಕಿ, "ಅಥವಾ ಒಂದು ಒಂದಕ್ಕೆ ಸಮ" ಎನ್ನುವ ಅರ್ಥದ ನಾಲ್ಕಾರು ಅಕ್ಷರ ಒತ್ತಿದರೆ ಇಡೀ ಸೀಮೆಯ ಕುರಿಗಾರರು ಪರದೆಯ ಮೇಲೆ ಇಳಿದು ಬರುತ್ತಿದ್ದರು. ಕನಕರಾಜ ಓದುತ್ತಾ ಹೋಗುವನು. ತನ್ನ ಗಂಡನದು ಬಂದಾಗ ಅವಳು "ಹ್ಞೂಂ" ಎನ್ನುವಳು. ಕುರಿ ವ್ಯಾಪಾರಿಗಳೂ ಪಕ್ಕದಲ್ಲಿ ನಿಂತು, ಯಾರ ಹತ್ತಿರ ಎಷ್ಟು ಹಿಂಡಿದೆ, ಯಾರ ಫೋನು ಯಾವುದು ಎಂದು ಕಣ್ಣಲ್ಲೇ ಬರೆದುಕೊಂಡು ಹೋಗುತ್ತಿದ್ದರು.

ಇವತ್ತು ಮುದುಕಿಗೆ ಸತ್ತ ಕುರಿಯ ಕಿವಿಗೆ ಹಾಕಿದ್ದ ಬಿಲ್ಲೆಯ ನಂಬರು ನೆನಪಿರಲಿಲ್ಲ. ಕನಕರಾಜ ಅಭ್ಯಾಸದಂತೆ "ಸತ್ತ ಕುರಿ" ಪುಟದ ನಂಬರಿನ ಜಾಗದಲ್ಲೇ ಮಂತ್ರ ಹಾಕಿ ಪಟ್ಟಿಗಾಗಿ ಕಾದ. ಪಟ್ಟಿ ಬರಲಿಲ್ಲ. ಯಾವ ಕುರಿ ಸತ್ತಿದೆ ಎಂಬ ಪ್ರಶ್ನೆಗೆ, ಒಂದು ಒಂದಕ್ಕೆ ಸಮವಾಗಿರುವ ಕುರಿಗಳೆಲ್ಲ ಎಂಬ ಉತ್ತರ ಹೋಗಿತ್ತು. ಒಂದು ಒಂದಕ್ಕೆ ಯಾವಾಗಲೂ ಸಮ.

ಕ್ರಾಂತಿಗೆ ಸಿಟ್ಟು ಬರಲಿಲ್ಲ. ಸಿಟ್ಟಿಗೂ ಒಂದಷ್ಟು ಚೈತನ್ಯ ಬೇಕು. ಈ ಕಿಂಡಿ ಮುಚ್ಚಬೇಕೆಂದು ಅವಳು ಎಷ್ಟು ಸಲ ಹೇಳಿದ್ದಳೋ. "ನಡಿಯಾಕತ್ತೈತಲ್ಲಮ್ಮ, ಮುಟ್ಟಬ್ಯಾಡ" ಎನ್ನುವುದೇ ಪ್ರತಿ ಸಲ ಗುರುಬಸವರಾಜರ ಉತ್ತರವಾಗಿತ್ತು. ಹಿಂದಿನ ದಿನದ ಪ್ರತಿಯನ್ನು ತೆಗೆದು ದಾಖಲೆಗಳನ್ನು ತುಂಬಲು ಹಚ್ಚಿದಳು. ಅದು ಮುಗಿಯುವವರೆಗೆ ಮುದುಕಿ ಎದ್ದು ಹೋಗಲಿಲ್ಲ. ಬದುಕಿರುವ ಕುರಿಯನ್ನು ಸತ್ತಿದೆ ಎಂದು ಬರೆಯುವುದು ಒಳ್ಳೆಯ ಲಕ್ಷಣವಲ್ಲ ಎಂದು ತನ್ನಷ್ಟಕ್ಕೆ ಗೊಣಗುತ್ತಿದ್ದಳು.

ನಡುವೆ ಗಂಡನಿಗೆ ಫೋನು ಮಾಡಿ, "ಹುಲುಗೇಶ್, ಊಟಕ್ಕ ಬರಂಗಿಲ್ಲ, ನೀ ಉಣ್ಣು," ಎಂದಳು ಕ್ರಾಂತಿ.

ಮುದುಕಿ ನಾಲಿಗೆ ಕಚ್ಚಿಕೊಂಡಳು. "ಅಯ್ಯ ಶಿವನೇ, ಗಂಡನ್ನ ಹಂಗ ಹೆಸರ್ಹಿಡಿದು ಕರೀತಾರೇನ?"

"ಕರದ್ರ ಬರ್ತಾನಬೇ, ಅದಕ್ಕ ಕರೀತೀನಿ. ನಿಮ್ಮೋರ ಹೆಸರು ಹೇಳಬ್ಯಾಡ. ನಿನ್ನ ಹೆಸರು ಹೇಳು."

"ನಂದಾ? ನಂದ್ಯಾಕ ಬೇಕು?" ಎಂದವಳು ಸೆರಗು ಸರಿಮಾಡಿಕೊಂಡು, "ಪಾಲಮ್ಮ" ಎಂದಳು.

ಆ ಹೆಸರನ್ನು ಬರೆಯಲು ಕ್ರಾಂತಿ ಜಾಗ ಹುಡುಕಿದಳು. ಇಷ್ಟು ದೊಡ್ಡ ದಾಖಲೆಯಲ್ಲಿ ಅದಕ್ಕೊಂದು ಖಾನೆಯೇ ಇರಲಿಲ್ಲ.

ಪಾಲಮ್ಮನ ಒಂದನ್ನು ಬಿಟ್ಟು ಉಳಿದ ಕುರಿಗಳೆಲ್ಲ ದಾಖಲೆಯಲ್ಲಿ ಬದುಕಿದ ಮೇಲೆ ಗುರುಬಸವರಾಜರು ಬಂದರು. ಕ್ರಾಂತಿ ತಾಳ್ಮೆಯಿಂದಲೇ ಹೇಳಿದಳು: "ಸರ್, ಅಂಗಡಿಗೆ ಚೀಟಿ ಕಳಿಸ್ತೀರಿ. ಒಂದು ಕಡಿ ಖಾಲಿ ಬಿಟ್ಟು, ಅಲ್ಲೇನು ಬೇಕಾದ್ರೂ ಬರಿ ಅಂತ ಯಾರದೋ ಕೈಗೆ ಕೊಡ್ತೀರಿ. ಅವ್ನು 'ಬೆಲ್ಲ' ಅಂತ ಬರದ್ರ ಸರಿ. 'ಬೆಲ್ಲ, ಮತ್ತ ಅಂಗಡ್ಯಾಗ ಇರೋದೆಲ್ಲಾ' ಅಂತ ಬರದ್ರ? ಅಂಗಡಿಯವ್ನಿಗೆ ಎಲ್ಲಾ ನಿಮ್ಮ ಮಾತನ ಅನ್ನಸ್ತೈತಿ. ಅದಕ್ಕ ಅಪ್ಪಣಿ ಬ್ಯಾರೆ ಕಳಿಸ್ಬೇಕು, ಹೆಸರು ಬ್ಯಾರೆ ಕೊಡಬೇಕು. ಅವ್ನು ಏನ್ ಬರದ್ರೂ ಅದು ಬರೇ ಹೆಸರು, ಅಪ್ಪಣಿ ಆಗಬಾರದು."

"ನೀ ಹೇಳೋದು ಖರೆ ಐತಿ," ಎಂದರು ಅವರು. "ಆದ್ರ ಸೋಮವಾರ ಔಷಧಿ ಹಂಚೋದೈತಿ. ಬಾಗ್ಲತನಕ ಸಾಲು ನಿಂದರತೈತಿ. ಹೆಸರು ಹೇಳದವ್ರನ್ನ ಹೆಂಗ ಹುಡುಕ್ತಿ? ಕೌಂಟರ್ ನಿಂತ್ರ ನಾಗಪ್ಪನ್ನ ಕರಸ್ತೀನಿ, ಹಳೇದನ್ನ ಹಚ್ಚಿಕೊಡ್ತಾನ. ನಿನ್ನ ಸಹಿ ಆಮ್ಯಾಲ ನೋಡೋಣು."

ಭಾನುವಾರವೆಲ್ಲ ಅವಳು ಮನೆಯ ಪಡಸಾಲೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕೂತಳು. ಬೇರೆಬೇರೆ ಕಾಲದಲ್ಲಿ ಬೇರೆಬೇರೆಯವರು ಕಟ್ಟಿದ ಮನೆಯಂತಿತ್ತು ಸಂಘದ ಸಾಫ್ಟ್‌ವೇರ್. ಕೌಂಟರಿನದು ಪಿಎಚ್‌ಪಿ, ಕುರಿಗಾರರ ಫೋನಿಗೆ ಸಂದೇಶ ಕಳಿಸುವುದು ಪೈಥಾನ್, ಹಟ್ಟಿಗಳಿಗೆ ಹೋಗುವ ಲಸಿಕೆಯವರ ಫೋನಿಗೆ ಮಾಹಿತಿ ಒದಗಿಸುವುದು ಜಾವಾ. ಭಾಷೆ ಬೇರೆಯಾದರೂ ತಪ್ಪು ಒಂದೇ: ಜನ ಒತ್ತಿದ್ದನ್ನು ಅಪ್ಪಣೆಯ ಸಾಲಿಗೇ ಅಂಟಿಸಿದ್ದರು.

ಪಿಎಚ್‌ಪಿಯಲ್ಲಿ ಅಂಟಿಸಿದ್ದನ್ನು ಕಿತ್ತು, ಹೆಸರಿನ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಯಿಟ್ಟು, ಸಾಲನ್ನು ಮೊದಲು ಸಿದ್ಧಪಡಿಸಿ, ಹೆಸರನ್ನು ಆಮೇಲೆ ಕೈಗಿತ್ತಳು. ಜಾವಾದಲ್ಲೂ ಪ್ರಶ್ನಾರ್ಥಕ ಚಿಹ್ನೆಯೇ. ಆದರೆ ಅಲ್ಲಿ ಒಂದೊಂದು ಜಾಗಕ್ಕೂ ಒಂದರಿಂದ ಎಣಿಸಿ, ಇದು ಅಕ್ಷರ, ಇದು ಸಂಖ್ಯೆ ಎಂದು ಹೇಳಿ ಕೊಡಬೇಕು. ಪೈಥಾನ್ ಕಣ್ಣಿಗೆ ಮಣ್ಣೆರಚುವಂಥದ್ದು. ಜಾಗದ ಗುರುತು ಇತ್ತು, ನೋಡಿದರೆ ಎಲ್ಲ ಸರಿಯಾಗಿಯೇ ಇದೆ ಅನ್ನಿಸುತ್ತಿತ್ತು. ಆದರೆ ಬರೆದವನು ಹೆಸರನ್ನು ಬೇರೆಯಾಗಿ ಕೊಡದೆ, ಕಳಿಸುವ ಮೊದಲೇ ತಾನೇ ಸಾಲಿನೊಳಗೆ ತುಂಬಿಬಿಟ್ಟಿದ್ದ. ಅಂಥವನ್ನು ಒಂದೊಂದಾಗಿ ಹುಡುಕುವಷ್ಟರಲ್ಲಿ ಅವಳ ಕಣ್ಣುಗಳು ಉರಿಯತೊಡಗಿದವು. ಪಟ್ಟಿಯನ್ನು ಊರಿನ ಪ್ರಕಾರವೋ ಹೆಸರಿನ ಪ್ರಕಾರವೋ ಜೋಡಿಸುವ ಕಡೆ ಈ ಉಪಾಯವೂ ನಡೆಯುವುದಿಲ್ಲ. ಖಾನೆಯ ಹೆಸರನ್ನು ಹಾಗೆ ಕೈಗಿಡಲು ಬರುವುದಿಲ್ಲ. ಅಲ್ಲಿ ಇಂಥಿಂಥ ಖಾನೆಗಳು ಮಾತ್ರ ನಡೆಯುತ್ತವೆ, ಉಳಿದದ್ದು ಏನು ಬಂದರೂ ಬೇಡ ಎಂದು ಬರೆದಿಟ್ಟಳು.

"ಕಿಂಡಿ ಮುಚ್ಚೋದು ಒಂದು ಕಡಿ ಮುಗೀತು ಅನ್ನೋದ್ರಾಗ ಇನ್ನೊಂದು ಕಡಿ ಕಾಣತೈತಿ," ಎಂದಳು, ಉಪ್ಪಿಟ್ಟಿನ ತಟ್ಟೆ ತಂದಿಟ್ಟ ಹುಲುಗೇಶನಿಗೆ.

"ಹಳೇದನ್ನ ಬಿಟ್ಟುಬಿಡಲೇ. ಅವ್ರಿಗೇ ಬೇಕಾಗಿಲ್ಲ, ನಿನಗ್ಯಾಕ?"

ಅವಳಿಗೂ ಬಿಟ್ಟುಬಿಡಬೇಕೆನಿಸಿತ್ತು. ಒಂದು ಗುಂಡಿ ಒತ್ತಿದರೆ ಹಳೆಯದು ಬಂದು ಕೂರುತ್ತದೆ, ನಾಳೆ ಸಾಲು ಓಡುತ್ತದೆ, ಸಹಿ ಬೀಳುತ್ತದೆ. ಆದರೆ ಆ ಮಂತ್ರ ಯಾಕೆ ಬೇಕಾಗಿತ್ತೆಂದು ಈಗ ಗೊತ್ತಾಗಿತ್ತು. ಕೌಂಟರಿಗೆ ಬರುವ ಹೆಂಗಸರನ್ನು ಯಾರೂ ಅವರ ಹೆಸರು ಕೇಳಿರಲಿಲ್ಲ. ತಣ್ಣಗಾದ ಉಪ್ಪಿಟ್ಟನ್ನು ತಿನ್ನುತ್ತಾ ಅವಳು ದಾಖಲೆಗೆ ಹೊಸ ಖಾನೆಯೊಂದನ್ನು ಸೇರಿಸಿದಳು: ಮನೆಯಾಕೆಯ ಹೆಸರು. ಮೊದಲ ಸಲ ಮಾತ್ರ ಊರು ಹೇಳಿದರೆ ಆ ಊರಿನ ಹೆಸರುಗಳಷ್ಟೇ ಬರುತ್ತವೆ, ಫೋನಿಲ್ಲ, ಹಿಂಡಿನ ಲೆಕ್ಕವಿಲ್ಲ. ಕನಕರಾಜ ಓದಲಿ, ಅವಳು ಹ್ಞೂಂ ಅನ್ನಲಿ. ಅಲ್ಲಿಂದಾಚೆಗೆ ಅವಳ ಹೆಸರೇ ಸಾಕು. ಸತ್ತ ಕುರಿಯ ಪುಟಕ್ಕೆ ಒಂದು ಸಲಕ್ಕೆ ಒಂದೇ ಕುರಿಯನ್ನು ಮುಟ್ಟುವ ಅಧಿಕಾರ ಬಿಟ್ಟು, ಉಳಿದದ್ದನ್ನು ಕಿತ್ತುಕೊಂಡಳು.

ಸೋಮವಾರ ಸಾಲು ಬಾಗಿಲು ದಾಟಿ ರಸ್ತೆಗೆ ಹೋಗಿತ್ತು. ಮೊದಮೊದಲು ಬಹಳ ನಿಧಾನ. ಕನಕರಾಜ ಊರು ಕೇಳಿ, ಹೆಸರು ಓದಿ, ಹೊಸ ಖಾನೆ ತುಂಬುತ್ತಾ, "ಮೊದಲಿನದ ಚಲೋ ಇತ್ತು ಬಿಡ್ರಿ ಮೇಡಂ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಹಿಂದೆ ನಿಂತವರು ಬೈದರು. ಬಿಸಿಲೇರಿತು. ಗುರುಬಸವರಾಜರು ಒಳಗೆ ಬಂದು, ಕನಕರಾಜನನ್ನು ಸರಿಸಿ, ತಾವೇ ಕೂತು ಹೆಸರಿನ ಜಾಗದಲ್ಲಿ ಮಂತ್ರ ಹಾಕಿದರು.

ಈ ಹೆಸರಿನ ಕುರಿಗಾರರು ಯಾರೂ ಇಲ್ಲ ಎಂದಿತು ಪರದೆ.

"ಏನಿದು?"

"ನೀವು ಬರದದ್ದನ್ನ ಈಗದು ಬರೇ ಹೆಸರು ಅಂತ ತಿಳ್ಕೊಳ್ತೈತ್ರಿ," ಎಂದಳು ಕ್ರಾಂತಿ. "ಇಡೀ ಸೀಮ್ಯಾಗ ಹುಡುಕಿ ಬಂತು. ಆ ಹೆಸರಿನವ್ರು ಯಾರೂ ಇಲ್ಲಂತ."

ಸಾಲಿನಲ್ಲಿ ಯಾರೋ ನಕ್ಕರು. ಗುರುಬಸವರಾಜರು ನಗಲಿಲ್ಲ, ಫೋನು ತೆಗೆದರು. ನಾಗಪ್ಪನಿಗೇ ಇರಬೇಕು. ಅಷ್ಟರಲ್ಲಿ ಕೌಂಟರಿಗೆ ಪಾಲಮ್ಮ ಬಂದಿದ್ದಳು. ಅವಳ ಊರನ್ನೂ ಗಂಡನನ್ನೂ ಕ್ರಾಂತಿ ಶನಿವಾರವೇ ಗೊತ್ತುಮಾಡಿಕೊಂಡು ಹೊಸ ಖಾನೆಗೆ ಮೊದಲು ತುಂಬಿದ್ದಳು. ಕನಕರಾಜ ಮತ್ತೆ ಕುರ್ಚಿಗೆ ಬಂದು, "ಹೆಸರು?" ಎಂದ.

"ಪಾಲಮ್ಮ," ಎಂದಳು ಅವಳು, ಕಿವುಡನಿಗೆ ಹೇಳುವಷ್ಟು ಜೋರಾಗಿ.

ಪರದೆಯ ಮೇಲೆ ಅವಳ ಹಿಂಡು ತೆರೆಯಿತು, ಔಷಧಿಯ ಚೀಟಿ ಹೊರಬಂತು. ಪಟ್ಟಿ ಓದುವುದೂ ಇಲ್ಲ, ಹ್ಞೂಂ ಅನ್ನುವುದೂ ಇಲ್ಲ. ಸಾಲಿನಲ್ಲಿದ್ದ ಹೆಂಗಸರು ಮುಂದಕ್ಕೆ ಬಾಗಿ ನೋಡಿದರು. "ಮುಂದಿನ ಸಲ ನಮಗೂ ಹಿಂಗ ಏನು?" ಎಂದು ಒಬ್ಬಳು ಕೇಳಿದಳು. ಗುರುಬಸವರಾಜರು ಆ ಚೀಟಿಯನ್ನು ಪಾಲಮ್ಮನ ಕೈಯಿಂದ ತೆಗೆದುಕೊಂಡು ಓದಿ, ಅವಳಿಗೇ ಮರಳಿಸಿದರು. ಆ ಕಡೆಯಿಂದ ಮಾತಾಡುತ್ತಿದ್ದ ಫೋನನ್ನು ಕಿವಿಗಿಟ್ಟು, "ಏನಿಲ್ಲ ನಾಗಪ್ಪ, ಸುಮ್ಮನ ಮಾಡಿದ್ದೆ," ಎಂದು ಇಟ್ಟರು.

ಮಧ್ಯಾಹ್ನ ಕ್ರಾಂತಿಯ ಕಾಗದ ಸಹಿಯಾಗಿ ಮೇಜಿನ ಮೇಲೆ ಬಂತು. ಹೊಗಳಿಕೆಯ ಮಾತೇನೂ ಜೊತೆಗೆ ಬರಲಿಲ್ಲ.

"ಇದನ್ನ ಹಡಗಲಿ, ಕೂಡ್ಲಿಗಿ, ಎಲ್ಲಾ ಕಡಿ ಹಚ್ಚಿ ಬಾ," ಎಂದರು ಗುರುಬಸವರಾಜರು. "ಇವತ್ತ ಹೊರಟ್ರ ಸಂಜಿ ಬಸ್ಸು ಸಿಗತೈತಿ."

ಎಲ್ಲ ಕಡೆಯೂ ಇದೇ ಅಂಟಿಸಿದ ಸಾಲುಗಳು, ಇದೇ ಗೊಣಗಾಟ, ಕೇಳಬೇಕಾದ ಇಷ್ಟೊಂದು ಹೆಸರುಗಳು. ಕ್ರಾಂತಿ ಚೀಲವನ್ನು ಹೆಗಲಿಗೇರಿಸಿದಳು.

"ನಾಳೆ ಹೋಗ್ತೀನ್ರಿ ಸರ್. ಇವತ್ತು ಮನಿಗೆ ಹೋಗಿ ಮಲಗ್ತೀನಿ."